ತಿಪ್ಪೆಗೆ ಬಿದ್ದ ಗುಲಾಬಿ ಕಡ್ಡಿ

ಹೆಸರು ಗಿಡ್ಡಯ್ಯ, ಆಳು ಆರಡಿ. ಹೊಳೆನರಸೀಪುರಕ್ಕೆ ಹೊಸದಾಗಿ ಬಂದವರು ಯಾರಾದರೂ ಆ ಹೆಸರು ಕೇಳಿ ನಕ್ಕರೆ ಮುಗಿಯಿತು, ಅವರ ಅಂಗಳದ ಗಿಡಕ್ಕೆ ಆತ ಒಂದು ಚೊಂಬು ನೀರೂ ಹಾಕುತ್ತಿರಲಿಲ್ಲ. ಸಿಟ್ಟೆಂದರೆ ಅಂಥ ಸಿಟ್ಟು. ಬಾಯಿ ಮುಂದೆ ಓಡುತ್ತಿತ್ತು, ಬುದ್ಧಿ ಹಿಂದಿನಿಂದ ಕುಂಟಿಕೊಂಡು ಬರುತ್ತಿತ್ತು.

ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವನು. ಹಾಸನದ ಒಂದು ಬಂಗಲೆಯಲ್ಲಿ ದ್ಯಾವಯ್ಯ ಎಂಬ ಹಳೇ ಮಾಲಿಯ ಕೈಕೆಳಗೆ ಹನ್ನೆರಡು ವರ್ಷ ಮಣ್ಣು ಹೊತ್ತು ಕೆಲಸ ಕಲಿತ. ದ್ಯಾವಯ್ಯ ತೀರಿಕೊಂಡ ಮೇಲೆ ಹೆಂಡತಿ ಮರಿಯಮ್ಮನ ಊರಾದ ಹೊಳೆನರಸೀಪುರಕ್ಕೆ ಬಂದು ನೆಲೆಸಿದ. ನಾಲ್ಕಾರು ಮನೆಗಳ ಹೂದೋಟ ಅವನ ಕೈಯಲ್ಲಿತ್ತು. ದ್ಯಾವಯ್ಯ ಕಲಿಸಿದ್ದು ಪನ್ನೀರು ಗುಲಾಬಿ. ಕಡ್ಡಿ ಮುರಿದು ನೆಟ್ಟರೆ ಬರುವ ಗಿಡ ಅದು, ಸೊಂಟದೆತ್ತರಕ್ಕೆ ಪೊದೆಯಾಗಿ ಹರಡಿಕೊಳ್ಳುತ್ತದೆ, ತೆಳುಗೆಂಪಿನ ಹೂವು ಬೆಳಗಾಗುವಷ್ಟರಲ್ಲಿ ಅಂಗಳವನ್ನೆಲ್ಲ ಘಮ್ಮೆನ್ನಿಸುತ್ತದೆ. ಅದಕ್ಕೆ ಗುರು ಹೇಳಿಕೊಟ್ಟಿದ್ದ ಕಾನೂನು ಒಂದೇ. ಬುಡದಿಂದ ದಪ್ಪಗೆ ಎದ್ದ ಹಸಿರು ಚಿಗುರು ಬಂಗಾರ, ಅದನ್ನು ಉಳಿಸು. ಮೇಲಿನ ಸಣಕಲು ಕಡ್ಡಿ ಕಸ, ಅದನ್ನು ಸವರಿ ಬಿಸಾಕು. ಗಿಡ್ಡಯ್ಯ ಇದನ್ನು ಮಂತ್ರದ ಹಾಗೆ ಹಿಡಿದಿದ್ದ. ಇನ್ನೊಂದು ಬಗೆಯ ಗುಲಾಬಿಗೆ ಇನ್ನೊಂದು ಕಾನೂನು ಇರಬಹುದು ಅನ್ನುವುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಐವತ್ತೇಳನೇ ಇಸವಿಯ ಮುಂಗಾರಿನಲ್ಲಿ ನೀಲಾಂಬಿಕೆ ಎಂಬ ಟೀಚರಮ್ಮ ಅವನನ್ನು ಕರೆಸಿದರು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿ, ಕೆಲಸ ಮುಗಿಸಿ, ಕೋಟೆಯ ಆಚೆ ಒಂದು ಸಣ್ಣ ಮನೆ ಕಟ್ಟಿಸಿಕೊಂಡಿದ್ದರು. ಮನೆಯ ಮುಂದೆ ಆರು ಗುಲಾಬಿ ಗಿಡಕ್ಕೆ ಸಾಕಾಗುವಷ್ಟು ಜಾಗ. ಬಾಗೂರಿನ ತಮ್ಮ ತವರಿನಲ್ಲಿ ತಾಯಿ ಬೆಳೆಸಿದ್ದ ಪೊದೆಯೊಂದಿತ್ತು, ಸ್ಕೂಲಿಗೆ ಹೊರಟ ಮಕ್ಕಳೆಲ್ಲ ಬೇಲಿಯ ಹತ್ತಿರ ಬಂದು ಮುಡಿಯಲು ಹೂವು ಕೇಳುತ್ತಿದ್ದರು, ಅಂಥದ್ದೇ ಬೇಕು ಎಂದರು. ಹೂವು ದೊಡ್ಡದಿರದಿದ್ದರೂ ಚಿಂತೆಯಿಲ್ಲ, ವಾಸನೆ ಇರಬೇಕು, ಪೊದೆ ತುಂಬ ಬಿಡಬೇಕು. ಆರಿಸುವುದನ್ನು ಮಾತ್ರ ಅವನಿಗೇ ಬಿಟ್ಟರು. "ನಿನಗಿಂತ ನನಗೆ ಗೊತ್ತೇನಪ್ಪ," ಎಂದರು.

ಆ ಒಂದು ಮಾತು ಅವನ ತಲೆಗೆ ಹೆಂಡದಂತೆ ಏರಿತು.

ರೈಲು ಹತ್ತಿ ಹಾಸನಕ್ಕೆ ಹೋದ. ಸಂತೆಪೇಟೆಯ ಆಚೆ ಪಾಪಯ್ಯ ಎಂಬವನು ಬೆಂಗಳೂರಿನಿಂದ ಗಿಡ ತರಿಸಿ ಮಾರುತ್ತಿದ್ದ. ಹಿಂದಿನ ಮೂಲೆಯಲ್ಲಿ ಪನ್ನೀರಿನ ಗಿಡಗಳಿದ್ದವು. ಎಲೆಗೆ ಧೂಳು ಕೂತು, ಒಂದಕ್ಕೊಂದು ಹೆಣೆದುಕೊಂಡು, ಯಾರಿಗೂ ಬೇಡವಾದ ಹಾಗೆ ನಿಂತಿದ್ದವು. ಮುಂದಿನ ಸಾಲಿನಲ್ಲಿ ಕಸಿಯ ಗಿಡಗಳು. ಒಂದೊಂದರ ಕೊರಳಿಗೂ ಇಂಗ್ಲಿಷ್ ಹೆಸರಿನ ತಗಡು, ಒಂದೊಂದು ಕಡ್ಡಿಯ ತುದಿಯಲ್ಲೂ ಅಂಗೈಯಗಲದ ಹೂವು. ಒಂದಂತೂ ಎಷ್ಟು ಕೆಂಪೆಂದರೆ ಎಸಳಿನ ಅಂಚು ಕಪ್ಪಾಗಿ ಕಾಣುತ್ತಿತ್ತು. ಗಿಡ್ಡಯ್ಯ ಮೂಗು ಹತ್ತಿರ ಒಯ್ದು ನೋಡಿದ. ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಟೀಚರಮ್ಮ ಕೇಳಿದ್ದು ಮೂಲೆಯಲ್ಲಿರುವುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಡ್ಡಿ ಮುರಿದು ನೆಟ್ಟರೆ ಬರುವ ಗಿಡ ತರುವುದಕ್ಕೆ ಹಾಸನಕ್ಕೆ ಹೋಗಿದ್ದನೆ ಎಂದು ಬೀದಿಯವರು ಆಡಿಕೊಂಡಾರು. ಈ ಕೆಂಪು ಹೂವನ್ನು ನೋಡಿದರೆ ಅದೇ ಜನ ಬೇಲಿ ಹಿಡಿದು ನಿಲ್ಲುತ್ತಾರೆ. ಆರಕ್ಕೆ ಆರೂ ಮುಂದಿನ ಸಾಲಿನಿಂದಲೇ ಎತ್ತಿದ.

ಪಾಪಯ್ಯ ಬೇರಿನ ಮಣ್ಣಿಗೆ ಗೋಣಿ ಸುತ್ತುತ್ತ, ಗಿಡದ ಬುಡದಲ್ಲಿ ಬಾಳೆನಾರು ಕಟ್ಟಿದ ಗಂಟು ತೋರಿಸಿ ಏನೋ ಹೇಳಲು ಹೊರಟ. "ಇಲ್ನೋಡಣ್ಣ, ಈ ಗಂಟಿಂದ ಕೆಳೀಕೆ ಏನಾರಾ ಚಿಗುರು ಬಂದ್ರೆ..."

"ಹುಟ್ದಾಗಿಂದ ಗುಲಾಬಿ ಮುಳ್ ಚುಚ್ಚುಸ್ಕಂಡೋನು ಕಣಯ್ಯ ನಾನು," ಎಂದ ಗಿಡ್ಡಯ್ಯ. "ನಂಗೆ ಪಾಠ ಯೋಳಕ್ ಬತ್ತೀಯಾ? ಗಿಡ ಕಟ್ಕೊಡೋದ್ ನಿನ್ ಕೆಲ್ಸ, ಕಟ್ಕೊಡು."

ಪಾಪಯ್ಯ ಬಾಯಿ ಮುಚ್ಚಿ ಕಟ್ಟಿಕೊಟ್ಟ.

ಗಿಡಗಳನ್ನು ಕಂಡು ಟೀಚರಮ್ಮನ ಮುಖ ಒಂದು ಗಳಿಗೆ ಬಾಡಿತು. ಬಾಗೂರಿನಲ್ಲಿದ್ದದ್ದು ಹೀಗಿರಲಿಲ್ಲವಲ್ಲ ಎಂದರು. ಇದು ಅದಕ್ಕಿಂತ ಮೇಲಿನ ಜಾತಿ ಎಂದು ಅವನು ಅಂದ. ಅವರು ನಂಬಿದರು. ಮಳೆಗೆ ಗಿಡ ಹತ್ತಿಕೊಂಡವು, ಗೌರಿಹಬ್ಬದ ಹೊತ್ತಿಗೆ ಹೂವೂ ಬಿಟ್ಟವು. ಅವನು ಎಣಿಸಿದ್ದಂತೆಯೇ ಜನ ಬೇಲಿ ಹಿಡಿದು ನಿಂತರು. ಗಿಡ್ಡಯ್ಯ ಬೇಕೆಂದೇ ಅದೇ ಹೊತ್ತಿನಲ್ಲಿ ಪಾತಿ ಕೆದಕುತ್ತ ಕೂರುತ್ತಿದ್ದ.

ಆಯುಧಪೂಜೆಯ ದಿನ ಗಿಡ ಸವರುವ ಕತ್ತರಿಯನ್ನು ಬೂದಿಯಲ್ಲಿ ತಿಕ್ಕಿ, ಕುಂಕುಮ ಇಟ್ಟು, ಗುದ್ದಲಿಯ ಪಕ್ಕ ಇಟ್ಟು ಪೂಜೆ ಮಾಡಿದ. ಆ ದಿನ ಆಯುಧ ಮುಟ್ಟುವಂತಿಲ್ಲ. ಮಾರನೆಯ ದಿನ ವಿಜಯದಶಮಿ, ಒಳ್ಳೆಯ ದಿನವೆಂದು ಮೊದಲು ಟೀಚರಮ್ಮನ ಗುಲಾಬಿಗೇ ಕತ್ತರಿ ಇಟ್ಟ. ಆರೂ ಗಿಡಗಳ ಬುಡದಿಂದ ಉದ್ದುದ್ದ ಹಸಿರು ಚಿಗುರು ಎದ್ದು ನಿಂತಿದ್ದವು. ಹೂವು ಬಿಟ್ಟು ದಣಿದಿದ್ದ ಮೇಲಿನ ಕಡ್ಡಿಗಳು ಅವುಗಳ ಮುಂದೆ ಸಣಕಲಾಗಿದ್ದವು. ಗುರುವಿನ ಮಂತ್ರ ನೆನೆದು, ಸಣಕಲನ್ನೆಲ್ಲ ಗಂಟಿನವರೆಗೂ ಸವರಿ ಮನೆಯ ಹಿಂದಿನ ತಿಪ್ಪೆಗೆ ಎಸೆದ. ದಪ್ಪ ಚಿಗುರಿಗೆ ಆಸರೆಯ ಕೋಲು ಊರಿ, ಕುರಿಗೊಬ್ಬರ ಹಾಕಿ, ಕೈತೊಳೆದುಕೊಂಡ.

ಆ ಹೊತ್ತಿಗೆ ಹೂವಿನ ಬೆಟ್ಟಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಗಂಡ ಸತ್ತ ಹೆಂಗಸು, ದೇವಸ್ಥಾನದ ಬೀದಿಯಲ್ಲಿ ಕೂತು ಹೂವು ಕಟ್ಟಿ ಮಾರಿ ಬದುಕುತ್ತಿದ್ದಳು. ಟೀಚರಮ್ಮನ ಪೂಜೆಗೆ ದಿನವೂ ಅವಳದೇ ಹೂವು. ತಿಪ್ಪೆಯ ಮೇಲಿನ ಕಡ್ಡಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಒಯ್ಯಲೇ ಎಂದು ಗಿಡ್ಡಯ್ಯನನ್ನೇ ಕೇಳಿದ್ದಳು. ಒಲೆಗೆ ಬೇಕೇನೋ ಎಂದುಕೊಂಡು ಅವನು ಬೆನ್ನು ತಿರುಗಿಸಿಯೇ ಹೂಂ ಎಂದಿದ್ದ. ಅಂದದ್ದನ್ನು ಅಂದಿನ ಸಂಜೆಗೇ ಮರೆತ.

ಶಿವರಾತ್ರಿ ಕಳೆಯಿತು. ಆರು ಗಿಡಗಳೂ ಆಳೆತ್ತರ ಬೆಳೆದು ಮುಳ್ಳು ಚಾಚಿದವು, ಒಂದು ಮೊಗ್ಗಿಲ್ಲ. ಗಿಡ್ಡಯ್ಯ ಇನ್ನಷ್ಟು ಗೊಬ್ಬರ ಹಾಕಿದ. ಮೀನು ತೊಳೆದ ನೀರು ಸುರಿದ. ಯಾರದೋ ಕಣ್ಣು ಬಿತ್ತೆಂದು ಬೇಲಿಗೆ ಹಳೇ ಚಪ್ಪಲಿ ಕಟ್ಟಿದ. ಬೇಲಿ ಹಿಡಿದು ನಿಲ್ಲುತ್ತಿದ್ದ ಜನ ಈಗ ನಿಲ್ಲದೆ ಹೋಗುತ್ತಿದ್ದರು, ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಟೀಚರಮ್ಮ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನು ತಿರುಗಿಸಿ ಏನಾದರೂ ಹೇಳಿ ಹಗುರಾಗುತ್ತಿದ್ದ.

ಯುಗಾದಿಯ ಮುಂಚಿನ ಶನಿವಾರ ದೇವಸ್ಥಾನದ ಬೀದಿಯಲ್ಲಿ ಹೋಗುತ್ತಿದ್ದಾಗ ಬೆಟ್ಟಮ್ಮನ ಬುಟ್ಟಿ ಕಣ್ಣಿಗೆ ಬಿತ್ತು. ಕನಕಾಂಬರದ ದಂಡೆಯ ನಡುವೆ ಒಂದು ಗುಲಾಬಿ ಇಟ್ಟಿದ್ದಳು. ಅಂಚು ಕಪ್ಪಾಗುವಷ್ಟು ಕೆಂಪು. ಆ ಕೆಂಪು ಊರಿಗೆಲ್ಲ ಒಂದೇ ಕಡೆ ಇದ್ದದ್ದು. ಮೊಗ್ಗು ಬಿಟ್ಟಹಾಗೆಲ್ಲ ಇವಳೇ ಕತ್ತಲಲ್ಲಿ ಕಿತ್ತೊಯ್ಯುತ್ತಿದ್ದಾಳೆ ಎಂದುಕೊಂಡ.

ಗಿಡ್ಡಯ್ಯನ ಐದು ತಿಂಗಳ ಉರಿ ಒಂದೇ ಸಲಕ್ಕೆ ಎದ್ದುಬಂತು. ಬುಟ್ಟಿಯನ್ನು ಕಾಲಿನಿಂದ ಒದ್ದ. ಹೂವು ಬೀದಿಗೆಲ್ಲ ಚೆಲ್ಲಿತು.

"ಕಳ್ಮುಂಡೆ, ಟೀಚರಮ್ಮನ್ ಮನೆ ಅನ್ನ ತಿಂದು ಅವ್ರ್ ಗಿಡಕ್ಕೇ ಕೈ ಹಾಕ್ದ್ಯಾ?"

ಬೆಟ್ಟಮ್ಮ ಎದ್ದು ನಿಲ್ಲಲಿಲ್ಲ. ಚೆಲ್ಲಿದ ಹೂವನ್ನು ಸೆರಗಿಗೆ ಎತ್ತಿಕೊಳ್ಳುತ್ತ, "ನೀನೇ ತಿಪ್ಪೇಗ್ ಬಿಸಾಕಿದ್ ಕಡ್ಡಿ ಕಣಣ್ಣ. ಕೇಳ್ಬುಟ್ಟೇ ಎತ್ಕಂಡ್ ವೋದೆ. ಒಡೆದ್ ಗಡ್ಗೇಲಿ ಊರಿದ್ದೆ, ಹತ್ಕತು," ಎಂದಳು.

ಗಿಡ್ಡಯ್ಯ ಬೀದಿಯವರ ಕಡೆ ತಿರುಗಿ ನಕ್ಕ. ಆ ನಗೆಯೇ ಮುಂದೆ ಅವನನ್ನು ಬಹಳ ವರ್ಷ ಕಾಡಿದ್ದು. "ಕೇಳ್ರಪ್ಪೋ. ನಾನು ಕಸ ಅಂತ ಸವ್ರಿದ್ ಕಡ್ಡೀಲಿ ಹೂ ಬುಡ್ತಂತೆ, ನಾನು ಸಾಕಿದ್ ಗಿಡ್ದಲ್ಲಿ ಬುಡ್ನಿಲ್ವಂತೆ. ಅಂಗಾರೆ ನಾನ್ ಮಾಲೀನಾ, ಇವ್ಳ್ ಮಾಲೀನಾ?"

ಬೀದಿ ಅವನ ಮಾತನ್ನೇ ನಂಬಿತು. ನಂಬದೆ ಏನು ಮಾಡುತ್ತದೆ? ಮೂವತ್ತು ವರ್ಷದ ಮಾಲಿ ಒಂದು ಕಡೆ, ಒಡೆದ ಗಡಿಗೆಯ ಹೆಂಗಸು ಇನ್ನೊಂದು ಕಡೆ. ಟೀಚರಮ್ಮ ಅವಳನ್ನು ಬಯ್ಯಲಿಲ್ಲ, ನಾಳೆಯಿಂದ ಹೂವು ಬೇಡ ಎಂದು ಮಾತ್ರ ಹೇಳಿಕಳಿಸಿದರು. ಅವರೇ ಬೇಡವೆಂದ ಮೇಲೆ ಉಳಿದ ಮನೆಗಳೂ ಬೇಡವೆಂದವು. ಕದ್ದ ಹೂವು ದೇವರಿಗೆ ಏರಿಸಬಾರದು ಎಂದು ಯಾರೋ ಶಾಸ್ತ್ರ ಹೇಳಿದರು. ಎಂಟು ದಿನದಲ್ಲಿ ಬೀದಿಯಲ್ಲಿ ಬೆಟ್ಟಮ್ಮ ಕೂರುತ್ತಿದ್ದ ಕಲ್ಲು ಖಾಲಿಯಾಯಿತು.

ಯುಗಾದಿಯಾದ ಮೇಲೂ ಗಿಡದಲ್ಲಿ ಮೊಗ್ಗು ಕಾಣದೆ ಗಿಡ್ಡಯ್ಯ ಪಾಪಯ್ಯನ ಮೇಲೆ ಜಗಳಕ್ಕೆಂದು ಹಾಸನಕ್ಕೆ ಹೊರಟ. ಹೂ ಬಿಡದ ಗಿಡ ಕೊಟ್ಟಿದ್ದೀಯೆಂದು ನಾಲ್ಕು ಜನರ ಮುಂದೆ ಅನ್ನಬೇಕೆಂದು ಒಂದು ಕೊಂಬೆಯನ್ನೂ ಕತ್ತರಿಸಿ ಗೋಣಿಯಲ್ಲಿ ಸುತ್ತಿಕೊಂಡಿದ್ದ. ಪಾಪಯ್ಯ ಅವನ ಕೂಗನ್ನೆಲ್ಲ ಕೊನೆಯವರೆಗೂ ಕೇಳಿದ. ಆಮೇಲೆ ಕೊಂಬೆ ತೆಗೆದುಕೊಂಡು ಒಂದು ತೊಟ್ಟನ್ನು ಅವನ ಕಣ್ಣಿನ ಮುಂದೆ ಹಿಡಿದ.

"ಎಣ್ಸು."

ಗಿಡ್ಡಯ್ಯ ಎಣಿಸಿದ. ಒಂದು ತೊಟ್ಟಿಗೆ ಏಳು ಎಲೆ. ಪಾಪಯ್ಯ ತನ್ನ ಕೆಂಪು ಗುಲಾಬಿಯ ತೊಟ್ಟೊಂದನ್ನು ಬಗ್ಗಿಸಿ ಪಕ್ಕಕ್ಕೆ ಹಿಡಿದ. ಅದರಲ್ಲಿ ಐದು.

"ಇದು ಕಾಡ್ ಗುಲಾಬಿ ಕಣಣ್ಣ. ಇದ್ರ್ ಬೇರಿನ್ ಮ್ಯಾಲೆ ಅದ್ರ್ ಚಿಗುರ್ಗಣ್ ಕೂರ್ಸಿ ಕಸಿ ಮಾಡೋದು. ಗಂಟಿಂದ ಮೇಲಿರೋದ್ ಗುಲಾಬಿ, ಕೆಳೀಕಿಂದ ಬರೋದ್ ಕಳೆ. ಕೆಳಗಿಂದ ಚಿಗುರು ಬಂದಂಗೇ ಕಿತ್ತಾಕ್ಬೇಕು. ಅವತ್ತು ಅದ್ನೇ ಯೋಳಕ್ ಬಂದೆ. ಬಾಯ್ ಮುಚ್ಚುಸ್ದೆ ನೀನು."

ಗಿಡ್ಡಯ್ಯ ಎರಡೂ ತೊಟ್ಟನ್ನು ಮತ್ತೆ ಎಣಿಸಿದ. ಕೊನೆಗೆ, ಸವರಿದ ಮೇಲಿನ ಕಡ್ಡಿಯನ್ನು ನೆಟ್ಟರೆ ಹತ್ತೀತೆ ಎಂದು ಕೇಳಿದ. ಕೈಗುಣ ಇದ್ದವರಿಗೆ ಹತ್ತುತ್ತದೆ, ನೂರಕ್ಕೆ ನಾಲ್ಕು ಎಂದ ಪಾಪಯ್ಯ. ಅಂದರೆ ಬೆಟ್ಟಮ್ಮ ಹೇಳಿದ್ದು ಅಷ್ಟೂ ನಿಜ. ಒಯ್ಯಲೇ ಎಂದು ಅವಳು ಕೇಳಿದ್ದು, ತಾನು ಬೆನ್ನು ತಿರುಗಿಸಿಯೇ ಹೂಂ ಎಂದದ್ದು, ಎಲ್ಲ ಆ ಗಿಡಗಳ ನಡುವೆ ನಿಂತವನಿಗೆ ನೆನಪಿಗೆ ಬಂತು. ಕೊಂಬೆಯನ್ನು ಅಲ್ಲೇ ಬಿಡಲೂ ಆಗದೆ, ಒಯ್ಯಲೂ ಆಗದೆ, ಮತ್ತೆ ಗೋಣಿಯಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ನಡೆದ.

ವಾಪಸು ಬರುವ ರೈಲು ಮೊಸಳೆ ಎಂಬ ಊರಿನ ಸ್ಟೇಷನ್ನಿನಲ್ಲಿ ನಿಂತಾಗ ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ಅವನಿದ್ದ ಡಬ್ಬಿಗೇ ಹತ್ತಿದಳು. ಬೆಟ್ಟಮ್ಮ. ಬುಟ್ಟಿಯಲ್ಲಿ ಮುಕ್ಕಾಲು ಹೂವು ಹಾಗೇ ಇತ್ತು, ಬಿಸಿಲಿಗೆ ಜೋಲುಬಿದ್ದಿತ್ತು. ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಗಿಡ್ಡಯ್ಯ ಟವೆಲನ್ನು ತಲೆಯ ಮೇಲಿಂದ ಮೂಗಿನವರೆಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದ. ಆರಡಿ ಆಳು ಆ ಬೆಂಚಿನ ಮೇಲೆ ಎಷ್ಟು ಮುದುಡಿದರೂ ಕಾಣುತ್ತಲೇ ಇದ್ದ. ಪಕ್ಕದ ಮುದುಕಿಯೊಬ್ಬಳು, ನರಸೀಪುರದವಳು ಇಷ್ಟು ದೂರ ಹೂವು ಹೊತ್ತು ಬರುವುದೇ, ನಿಮ್ಮಲ್ಲಿ ದೇವಸ್ಥಾನವಿಲ್ಲವೇ ಎಂದು ಕೇಳಿದಳು.

"ಐತೆ ಕಣಜ್ಜಿ," ಎಂದಳು ಬೆಟ್ಟಮ್ಮ. "ಅಲ್ಲಿ ದೇವ್ರಿಗೆ ನನ್ ಹೂವ ಬ್ಯಾಡ್ವಂತೆ."

ಹೊಳೆನರಸೀಪುರ ಬರುವವರೆಗೂ ಅವನು ಟವೆಲು ತೆಗೆಯಲಿಲ್ಲ. ಅವಳು ಇಳಿದು ಪೂರಾ ಕಣ್ಮರೆಯಾದ ಮೇಲೆ ಇಳಿದ.

ಮಾರನೆಯ ದಿನ ಟೀಚರಮ್ಮನ ಹತ್ತಿರ ಹೋದವನು ನಿಜ ಹೇಳಲೆಂದೇ ಹೋಗಿದ್ದ. ಬಾಯಿಂದ ಬಂದದ್ದು ಬೇರೆ. ಗಿಡ ಜಾತಿಗೆಟ್ಟು ಹೋಗಿವೆ, ಕೀಳಬೇಕಾಗುತ್ತದೆ ಎಂದ. ಹಾಗಾದರೆ ಅಂಗಡಿಯವನು ನಿನಗೆ ಮೋಸ ಮಾಡಿದನೇ ಎಂದು ಅವರು ಮರುಗಿದರು. ಅವನು ಸುಮ್ಮನೆ ನಿಂತ. ಒಬ್ಬಳ ಹೆಸರು ಕೆಡಿಸಿದ್ದಾಯಿತು, ಈಗ ಇನ್ನೊಬ್ಬನದು.

ಆ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ ಮುದ್ದೆಯನ್ನು ಬದಿಗೆ ಸರಿಸಿ, ಎಲ್ಲವನ್ನೂ ಮರಿಯಮ್ಮನ ಮುಂದೆ ಸುರಿದ. ಅವಳು ಸಾರಿನ ಸೌಟು ಹಿಡಿದೇ ಕೇಳಿದಳು. ಸಮಾಧಾನ ಹೇಳುತ್ತಾಳೇನೋ ಎಂದು ಅವನು ಕಾದ.

"ಕೂಗಿದ್ದು ಬೀದೀಲಿ," ಎಂದಳು ಮರಿಯಮ್ಮ. "ಅಡ್ಗೆ ಮನೇಲಿ ಯೋಳ್ಕಂಡ್ರೆ ಸರಿವೋಯ್ತದಾ?"

ಬೆಟ್ಟಮ್ಮನ ಮನೆ ಹೊಳೆಯ ದಾರಿಯಲ್ಲಿ, ಒಂದು ಅಂಕಣದ್ದು. ಬಾಗಿಲ ಪಕ್ಕದಲ್ಲೇ ಒಡೆದ ಗಡಿಗೆ, ಅದರಲ್ಲಿ ಮೊಣಕಾಲೆತ್ತರದ ಗುಲಾಬಿ, ಎರಡು ಮೊಗ್ಗು. ಗಿಡ್ಡಯ್ಯ ಮಾತಿಗಿಂತ ಮೊದಲು ಬಗ್ಗಿ ಎಲೆ ಎಣಿಸಿದ. ಐದು. ಇನ್ನೊಂದು ತೊಟ್ಟು ಎಣಿಸಿದ. ಐದೇ. ಬಗ್ಗಿದವನು ಎದ್ದಾಗ ಬೆಟ್ಟಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನು ತಡವರಿಸಿ ತಡವರಿಸಿ ಹೇಳಿದ. ತಪ್ಪು ನನ್ನದು, ಗಿಡ ಕೆಡಿಸಿದ್ದೂ ನಾನೇ, ಬಾ, ಬೀದಿಯಲ್ಲಿ ನಿನ್ನ ಕಾಲು ಹಿಡಿಯುತ್ತೇನೆ ಎಂದ.

"ನಾ ಬರಾಕಿಲ್ಲ," ಎಂದಳು. "ನಾನಿದ್ರೆ ನಿಂಗ್ ಸಲೀಸು. ಕಾಲ್ ಹಿಡ್ಕತೀಯ, ನೋಡ್ದೋರು ಅಯ್ಯೋ ಪಾಪ ಮಾಲಿ ಅಂತಾರೆ, ಎದ್ದೋಯ್ತೀಯ. ಅವತ್ತು ನನ್ ಕಡೀಕೆ ಒಬ್ರೂ ಇರ್ನಿಲ್ಲ. ನೀನೂ ಒಬ್ನೇ ವೋಗಿ ನಿಂತ್ಕಂಡ್ ಯೋಳು."

ಅವನು ಹೋದದ್ದು ಶನಿವಾರ, ಅದೇ ಹೊತ್ತಿಗೆ, ಅದೇ ಕಲ್ಲಿನ ಹತ್ತಿರಕ್ಕೆ. ಒಂದು ಕೈಯಲ್ಲಿ ಏಳೆಲೆಯ ಕೊಂಬೆ, ಇನ್ನೊಂದರಲ್ಲಿ ಬೆಟ್ಟಮ್ಮನನ್ನು ಕೇಳಿ ಮುರಿದುಕೊಂಡ ಐದೆಲೆಯ ಒಂದು ತೊಟ್ಟು. ಎರಡನ್ನೂ ಹಿಡಿದು ಕಲ್ಲಿನ ಪಕ್ಕ ನಿಂತ. ಬಾಳೆಹಣ್ಣಿನ ಲಕ್ಕಯ್ಯ, ಏನು ಮಾಲಿ, ಸೊಪ್ಪು ಮಾರಲು ಬಂದೆಯಾ ಎಂದು ಗೇಲಿ ಮಾಡಿದ. ಬೇರೆ ದಿನವಾಗಿದ್ದರೆ ಲಕ್ಕಯ್ಯನ ಹಣ್ಣಿನ ತಟ್ಟೆ ಬೀದಿಯಲ್ಲಿರುತ್ತಿತ್ತು. ಗಿಡ್ಡಯ್ಯ ಅವನ ಹತ್ತಿರವೇ ಹೋಗಿ ಎರಡೂ ತೊಟ್ಟು ಕೊಟ್ಟು ಎಣಿಸು ಎಂದ. ಆಮೇಲೆ ತೆಂಗಿನಕಾಯಿಯವಳ ಹತ್ತಿರ, ಆಮೇಲೆ ಕರ್ಪೂರದವನ ಹತ್ತಿರ, ದೇವರ ದರ್ಶನ ಮುಗಿಸಿ ಬಂದವರ ಹತ್ತಿರ. ಒಬ್ಬೊಬ್ಬರಿಗೂ ಎಣಿಸಲು ಕೊಟ್ಟು, ಒಬ್ಬೊಬ್ಬರಿಗೂ ಅದೇ ಮಾತು ಹೇಳಿದ: ಗುಲಾಬಿ ಯಾವುದು, ಕಳೆ ಯಾವುದು ನನಗೆ ಗೊತ್ತಿರಲಿಲ್ಲ, ಗುಲಾಬಿಯನ್ನು ತಿಪ್ಪೆಗೆ ಹಾಕಿ ಕಳೆಗೆ ಗೊಬ್ಬರ ಹಾಕಿದೆ, ಬೆಟ್ಟಮ್ಮ ಕೇಳಿಯೇ ಒಯ್ದಳು, ನಾನು ಅವಳನ್ನು ಕಳ್ಳಿ ಅಂದೆ. ಕೆಲವರು ನಕ್ಕರು. ನಗಲಿ ಎಂದು ನಿಂತ. ಕೊನೆಯ ಮನೆ ಟೀಚರಮ್ಮನದು. ಪಾಪಯ್ಯ ಮೋಸ ಮಾಡಲಿಲ್ಲ, ನೀವು ಕೇಳಿದ ಗಿಡವನ್ನು ಮೂಲೆಯಲ್ಲಿ ಕಂಡೂ ನಾನೇ ತರಲಿಲ್ಲ ಎಂದು ಅವರಿಗೂ ಹೇಳಿದ.

ನೀಲಾಂಬಿಕೆ ಎರಡೂ ತೊಟ್ಟು ಈಸಿಕೊಂಡು ತಾವೂ ಎಣಿಸಿದರು. "ನೀನು ಕೂಗಿದೆ, ನಾನು ಕೂಗದೆ ಅದನ್ನೇ ಮಾಡಿದೆ," ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊಳೆಯ ದಾರಿ ಹಿಡಿದರು.

ಬೆಟ್ಟಮ್ಮ ತನ್ನ ಕಲ್ಲಿಗೆ ವಾಪಸು ಬಂದದ್ದು ಹತ್ತು ದಿನ ಕಳೆದ ಮೇಲೆ. ಗಿಡ್ಡಯ್ಯನ ಕಡೆ ಅವಳು ನೋಡಲಿಲ್ಲ. ಮಳೆ ಹಿಡಿದಾಗ ಆರು ಕಾಡುಗಿಡಗಳನ್ನೂ ಕಿತ್ತರು. ಈ ಸಲವೂ ಗಿಡ ನೀನೇ ಆರಿಸು ಎಂದರು ಟೀಚರಮ್ಮ. ಅವನು ತಲೆ ಎತ್ತದೆ, ನನ್ನ ಕೈಲಾಗದು ತಾಯಿ, ಬೆಟ್ಟಮ್ಮನನ್ನು ಕೇಳಿ ಎಂದ. ಅವಳು ಎಲ್ಲಿಂದಲೋ ಪನ್ನೀರಿನ ಕಡ್ಡಿ ತಂದು, ಎರಡು ಕಣ್ಣು ಮಣ್ಣಿನೊಳಗೆ, ಎರಡು ಮೇಲೆ ಇರುವಂತೆ ಆರು ಕಡೆ ಊರಿಹೋದಳು. ನೀರು ಹಾಕುವುದಷ್ಟೇ ಅವನ ಪಾಲಿನದು.

ಮೂರು ವರ್ಷಕ್ಕೆ ಅವು ಸೊಂಟದೆತ್ತರ ಪೊದೆಯಾದವು, ಸ್ಕೂಲಿಗೆ ಹೋಗುವ ಹುಡುಗಿಯರು ಬೇಲಿಯ ಹತ್ತಿರ ನಿಲ್ಲತೊಡಗಿದರು. ಪನ್ನೀರು ಸವರುವುದು ಗಿಡ್ಡಯ್ಯನಿಗೆ ಅಂಗೈಗೆರೆಯಷ್ಟು ಗೊತ್ತಿದ್ದ ಕೆಲಸ. ಆದರೂ ವಿಜಯದಶಮಿಯ ಬೆಳಿಗ್ಗೆ ಕತ್ತರಿ ಹಿಡಿದು ಬಂದು, ಗಿಡ ಮುಟ್ಟದೆ ಮೆಟ್ಟಿಲ ಮೇಲೆ ಕೂರುತ್ತಿದ್ದ. ಹೂವು ಕೊಟ್ಟು ಹೊರಟ ಬೆಟ್ಟಮ್ಮ ಪೊದೆಯ ಹತ್ತಿರ ನಿಂತು ಬೆರಳು ತೋರಿಸಿ "ಇದು" ಎನ್ನುವಳು. ಅವನು ಕತ್ತರಿಸುವನು. "ಇದು" ಎನ್ನುವಳು, ಕತ್ತರಿಸುವನು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವರಿಬ್ಬರ ನಡುವೆ ನಡೆದ ಮಾತು ಇಷ್ಟೇ.

ಸವರಿದ ಕಡ್ಡಿಯನ್ನು ಅವನು ತಿಪ್ಪೆಗೆ ಎಸೆಯುತ್ತಿರಲಿಲ್ಲ. ಒದ್ದೆ ಗೋಣಿಯ ಮೇಲೆ ಒಂದರ ಪಕ್ಕ ಒಂದು ಜೋಡಿಸಿ ಗೇಟಿನ ಹತ್ತಿರ ಇಟ್ಟು, ತಾನು ಹಿತ್ತಿಲ ಕಡೆಗೆ ಹೋಗಿಬಿಡುತ್ತಿದ್ದ. ಬೆಟ್ಟಮ್ಮ ಬಗ್ಗಿ ಒಂದೊಂದನ್ನೂ ತಿರುಗಿಸಿ ನೋಡುವಳು. ಬೇಕಾದದ್ದನ್ನು ಬುಟ್ಟಿಗೆ ಹಾಕಿಕೊಳ್ಳುವಳು. ಗೇಟು ಮುಚ್ಚಿದ ಸದ್ದು ಕೇಳಿದ ಮೇಲೆಯೇ ಅವನು ಬಂದು, ಉಳಿದದ್ದನ್ನು ಎತ್ತಿಕೊಳ್ಳುತ್ತಿದ್ದ.